ಗಾಲಿಯ ಮಗ್ಗುಲಲ್ಲಿ ಬಾತುಕೋಳಿ

ಮಗಳೇ,

ನಿನ್ನ ಹೆರಿಗೆಗೆ ಮುಂಚೆಯೇ ಬರುತ್ತೇನೆಂದಿದ್ದೆ. ಕಾಡು ಬಾತುಕೋಳಿಯೊಂದು ಅಡ್ಡ ಕೂತಿದೆ! ಬೆಟ್ಟದ ಮೇಲಿನ ಈ ಸಂರಕ್ಷಿತ ಉದ್ಯಾನದ ಸರೋವರದ ದಂಡೆಯಲ್ಲಿ ನಮ್ಮ ವ್ಯಾನು ಕೆಟ್ಟು ನಿಂತಿತ್ತು. ರಿಪೇರಿಯಾಗುವಷ್ಟರಲ್ಲಿ ಈ ಬಾತುಕೋಳಿ ಗಾಲಿಯ ಮಗ್ಗುಲಲ್ಲೇ ಮೊಟ್ಟೆಯಿಟ್ಟಿದೆ.

"ಮರಿ ಆಗೋವರೆಗೆ ಗಾಡಿ ಅಲ್ಲಾಡಿಸೋ ಹಾಗಿಲ್ಲ, ಯಜಮಾನ್ರೇ," ಎಂದ ಕಾವಲುಗಾರ.

"ಅಲ್ಲಿವರೆಗೆ ನನ್ನ ರೂಮಿನ ಬಾಡಿಗೆ ಬಾತುಕೋಳಿ ಕಟ್ಟುತ್ತಾ?" ಎಂದೆ. ಪುಣ್ಯಾತ್ಮ ನಗಲೂ ಇಲ್ಲ.

ಸರಕು ತುಂಬಿದ ವ್ಯಾನು ಬಿಟ್ಟು ಬರುವ ಹಾಗಿಲ್ಲ. ದಿನವಿಡೀ ಅದರ ಸುತ್ತ ಶತಪಥ ಹಾಕುತ್ತಿದ್ದೇನೆ. ಕೆಮ್ಮು ಬಿಟ್ಟರೆ ಆರೋಗ್ಯವಾಗಿದ್ದೇನೆ. ಗಾಳಿ ಮಾತ್ರ ಮೈ ಕೊರೆಯುತ್ತದೆ. ಕೂಸಿಗೆಂದು ಕೊಂಡ ಹೊದಿಕೆಯನ್ನು ಗೂಡಿಗೆ ಮರೆಯಾಗಿ ಗಾಲಿಗೆ ಕಟ್ಟಿದೆ. ದಯೆಯಲ್ಲಮ್ಮಾ, ಲೆಕ್ಕಾಚಾರ: ಅವಳಿಗೆ ಬೇಗ ಮರಿಯಾದರೆ ನಾನು ಬೇಗ ಹೊರಡಬಹುದು.

ನೀನು ಮಾತ್ರ ಅವಸರ ಮಾಡಬೇಡ.

ಅಪ್ಪ