ಒತ್ತುಗುಂಡಿಗೆ ಕಟ್ಟಿದ ಪಟ್ಟಿ

ಮಾರ್ಚ್ ೧೪, ಶನಿವಾರ

ನನ್ನ ಮುದ್ದು ತಂಗಿಗೆ,

ಹೇಗಿದ್ದೀರಿ ಎಲ್ಲರೂ? ಗುಂಡನ ಕೆಮ್ಮು ಇಳಿಯಿತೆ? ಚಿನ್ನಿಗೆ ಹೊಸ ಹಲ್ಲು ಮೂಡಿತೆ? ನಿನ್ನ ಅತ್ತೆಯವರ ಮಂಡಿ ನೋವು ಈಗ ಹೇಗಿದೆ? ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಕಾಗದ ಹಿಡಿದುಕೊಳ್ಳಲು ಎಡಗೈ ಇಲ್ಲ. ಜಾರದ ಹಾಗೆ ಮೇಲೊಂದು ನೀರಿನ ಲೋಟ ಇಟ್ಟುಕೊಂಡಿದ್ದೇನೆ. ಅಕ್ಷರ ಓಡಾಡಿದರೆ ನೀನೇ ಹಿಡಿದು ಓದಿಕೊ.

ಗಾಬರಿಯಾಗಬೇಡ. ಕೈ ಇದೆ, ಬ್ಯಾಂಡೇಜಿನೊಳಗಿದೆ. ಮೂರು ವಾರದ ಹಿಂದೆ ನಮ್ಮ ಲಾಂಡ್ರಿಯ ಇಸ್ತ್ರಿ ಯಂತ್ರದಲ್ಲಿ ಬೆರಳುಗಳು ಸುಟ್ಟವು. ಆ ಯಂತ್ರ ನಿನಗೆ ಗೊತ್ತೇ ಇದೆ, ನೀನು ದುಡಿಯುವ ಲಾಂಡ್ರಿಯಲ್ಲೂ ಅದೇ. ಎರಡು ಒತ್ತುಗುಂಡಿಗಳನ್ನು ಎರಡು ಕೈಯಲ್ಲಿ ಒತ್ತಿದರೆ ಮಾತ್ರ ಕಾದ ಹಲಗೆ ಇಳಿಯುತ್ತದೆ, ಕೈಗಳು ಹೊರಗಿರಲಿ ಎಂದು. ನಾನು ಬೇಗ ಮುಗಿಸುವ ಚಪಲಕ್ಕೆ ಎಡಗುಂಡಿ ಒತ್ತಿದಂತೆಯೇ ಇರಲೆಂದು ಅದಕ್ಕೆ ಬಟ್ಟೆಪಟ್ಟಿ ಬಿಗಿದು, ಆ ಕೈಯಲ್ಲಿ ಕಾಲರು ಸರಿಮಾಡುತ್ತಿದ್ದೆ. ಹತ್ತೊಂಬತ್ತು ವರ್ಷ ನಡೆಯಿತು. ಒಂದು ದಿನ ನಡೆಯಲಿಲ್ಲ.

ಕೆಲಸದಲ್ಲಿ ಗಾಯವಾದರೆ, ವಾಸಿಯಾಗುವವರೆಗೆ ಮನೆಯಲ್ಲಿದ್ದರೂ ಸಂಬಳದ ಮೂರರಲ್ಲಿ ಎರಡು ಪಾಲು ಭತ್ಯೆ ಬರಬೇಕು. ಅಷ್ಟರಲ್ಲಿ ಮೇಸ್ತ್ರಿ ಮನೆಗೆ ಬಂದ. "ಅಕ್ಕಾ, ಯಂತ್ರ ಸಿಕ್ಕಿಕೊಳ್ತು ಅಂತ ಬರೆಸಿಬಿಡಿ. ಪಟ್ಟಿ ವಿಷಯ ಬಾಯಿಬಿಟ್ರೆ ಒಂದು ಕಾಸೂ ಕೊಡಲ್ಲ" ಎಂದ. ಬಾಡಿಗೆ ನೆನೆದು ಹೂಂ ಎಂದುಬಿಡೋಣ ಎನ್ನಿಸಿತು. ನಿನ್ನ ಭಾವ ಮಾತ್ರ, "ನಿನಗೆ ಸುಳ್ಳು ಹೇಳೋಕೆ ಬರಲ್ಲ ಕಣೆ, ಕಿವಿ ಕೆಂಪಗಾಗುತ್ತೆ" ಎಂದರು.

ಭತ್ಯೆ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕೇಳುವ ಮೊದಲೇ ಎಲ್ಲ ಒಪ್ಪಿಕೊಂಡೆ. ಅವಳು ಬರೆಯುವುದನ್ನು ನಿಲ್ಲಿಸಿ, "ಬೇಕಂತಲೇ ಸುಟ್ಟುಕೊಂಡ್ರಾ?" ಎಂದಳು.

"ನನಗೇನಮ್ಮ, ತಲೆ ಕೆಟ್ಟಿದೆಯಾ?"

"ಹಾಗಾದ್ರೆ ಇದು ಕೆಲಸದಲ್ಲಾದ ಗಾಯ. ತಪ್ಪು ಯಾರದು ಅಂತ ನೋಡಿ ಕೊಡೋ ಭತ್ಯೆ ಅಲ್ಲ ಇದು. ಡಾಕ್ಟರು ಕೆಲಸಕ್ಕೆ ಹೋಗಬಹುದು ಅನ್ನೋವರೆಗೆ ಬರುತ್ತೆ."

ಎರಡನೇ ವಾರವೇ ಹಣ ಬಂತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನನಗೆ ಕೈ ಸುಟ್ಟ ಮೇಲೆ ಮೊಸರು. ನಮ್ಮ ಮನೆಯ ಕಿಟಕಿಗೆ ಮಧ್ಯಾಹ್ನ ಇಷ್ಟು ಬಿಸಿಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎದುರುಮನೆಯ ಬೆಕ್ಕಿನ ದಿನಚರಿ ಬಾಯಿಪಾಠವಾಗಿದೆ. ಬೆಳಗ್ಗೆ ನಿನ್ನ ಭಾವನೇ ನನ್ನ ತಲೆ ಬಾಚಿ ಜಡೆ ಹಾಕುವುದು. ಬಡಗಿಯ ಕೈ ನೋಡು, "ಇದೇನ್ರೀ, ಕಿಟಕಿಗೆ ಮೊಳೆ ಹೊಡೀತಿದ್ದೀರಾ?" ಎಂದರೆ, "ಅಲ್ಲಾಡಬೇಡ, ಅಳತೆ ತಪ್ಪುತ್ತೆ" ಎನ್ನುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಈ ಭಾಗ್ಯ. ಬೆರಳುಗಳು ಮಡಚುತ್ತಿವೆ. ಇನ್ನೊಂದು ತಿಂಗಳಿಗೆ ಕೆಲಸಕ್ಕೆ ಹೋಗಬಹುದಂತೆ. ಹೋಗುತ್ತೇನೆ, ಅವಸರವಿಲ್ಲ.

ಮಕ್ಕಳಿಗೆ ನನ್ನ ಮುತ್ತು. ನೂರು ಕಾಲ ಚೆನ್ನಾಗಿ ಬಾಳಿರಿ.

ನಿನ್ನ
ಅಕ್ಕ

ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಹೊರಡುವಾಗ ಆ ಹೆಣ್ಣುಮಗಳು, "ಇನ್ಯಾರಾದ್ರೂ ಹೀಗೆ ಕಟ್ತಾರಾ?" ಎಂದು ಕೇಳಿದಳು. ನನ್ನ ಕೈ ಸುಟ್ಟ ಮೇಲೆ ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಪಟ್ಟಿ ಬಿಚ್ಚಿದ್ದಾರೆ, ಅದನ್ನೇ ಹೇಳಿದೆ. ನಿನ್ನ ವಿಷಯ ಮಾತ್ರ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನೀನು, ಎಲ್ಲರಿಗಿಂತ ಹಿಂದೆ ಬೀಳುತ್ತೇನೆಂದು ಅಳುತ್ತಾ ಬಂದಿದ್ದೆ. ಹಳೆಯ ಅಂಗಿಯ ತೋಳು ಹರಿದು, ಮೇಜಿನ ಕಾಲಿಗೆ ಕಟ್ಟಿ ಆ ಗಂಟು ಕಲಿಸಿದವಳು ನಾನು. ಎರಡೇ ಸಲಕ್ಕೆ ಕಲಿತೆಯೆಂದು ಹೆಮ್ಮೆಪಟ್ಟಿದ್ದೆ. ಈಗ ನರ್ಸು ಬ್ಯಾಂಡೇಜು ಬಿಚ್ಚಿದಾಗಲೆಲ್ಲ ನನಗೆ ಕಾಣುವುದು ನಿನ್ನ ಕೈ. ಹೇಳಲು ನಾಚಿ ಇಷ್ಟು ದಿನ ಕಳೆದೆ, ಕ್ಷಮಿಸು. ಈ ಪತ್ರ ಸಿಕ್ಕ ಮರುದಿನ, ಯಂತ್ರಕ್ಕೆ ಕರೆಂಟು ಕೊಡುವ ಮೊದಲು ಆ ಪಟ್ಟಿ ಕತ್ತರಿಸಿ ಹಾಕು. ಹಿಂದೆ ಬಿದ್ದರೆ ಬೀಳು, ಬೈದರೆ ಬೈಸಿಕೊ. ಕತ್ತರಿಸಿದೆ ಎಂದು ಒಂದೇ ಒಂದು ಸಾಲು, ಅವತ್ತೇ ಬರೆ.