ನೀಲಿ ಡ್ರಮ್ಮಿನ ಮೇಲೆ ನಿಂತ ಮೀನು

ಕೃಷ್ಣೆಯ ನಡುಗಡ್ಡೆ
ಸನ್ 2318, ಭಾದ್ರಪದ

ನಮ್ಮನ್ನು ಕಾಣದ ಹಿರಿಯರಿಗೆ ಪಾರಮ್ಮನ ಶರಣು. ಇಷ್ಟು ಕಾಲದಲ್ಲಿ ಮಾತು ಸವೆದಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಲದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಇಂದಿಗೂ ಗಟ್ಟಿಯಾಗಿವೆ. ಕುಡಿಯುವ ನೀರೂ ಅವುಗಳಲ್ಲೇ, ದೋಣಿಯ ತಳ ತೊಳೆಯುವ, ತೊಗಲು ಸುಡುವ ಕ್ಷಾರದ ನೀರೂ ಅವುಗಳಲ್ಲೇ. ಕುಡಿಯುವುದಕ್ಕೆ ಬಿಳಿ ಮೀನು, ಕ್ಷಾರಕ್ಕೆ ಕೆಂಪು ಚೇಳು ಬರೆಯುವುದು ಹೊಳೆಗುಂಟ ಎಲ್ಲ ಊರಿನ ರೂಢಿ. ಆದರೆ ಆ ನುಣುಪು ಮೈ ಬಣ್ಣ ಹಿಡಿಯದು. ಬಿಸಿಲಿಗೆ ಈರುಳ್ಳಿ ಸಿಪ್ಪೆಯಂತೆ ಎದ್ದುಬರುತ್ತದೆ. ಹಾಗೆ ಚೇಳು ಉದುರಿದ ಡ್ರಮ್ಮಿನಿಂದ ನನ್ನ ತಮ್ಮ ಯಂಕೋಬ ಒಂದು ಗುಟುಕು ಕುಡಿದ. ಜೀವ ಉಳಿಯಿತು, ದನಿ ಹೋಯಿತು.

ಆ ಚೇಳು ಬರೆದವಳು ನನ್ನ ಅವ್ವ ಹುಲಿಗೆಮ್ಮ. ಅತ್ತು ಮುಗಿಸಿ, ಒಡೆದ ಡ್ರಮ್ಮುಗಳ ಚೂರು ಗುಡ್ಡೆ ಹಾಕಿಕೊಂಡು ಕೂತಳು. ಮರಳಲ್ಲಿ ಉಜ್ಜಿದಳು, ಸುಣ್ಣ ಬಳಿದಳು, ಯಾವುದೂ ನಿಲ್ಲಲಿಲ್ಲ. ಒಮ್ಮೆ ಗೋಬರ್ ಗ್ಯಾಸಿನ ನೀಲಿ ಉರಿ ಒಂದು ಚೂರನ್ನು ಸವರಿತು. ಆರಲೆಂದು ನೀರು ಚಿಮುಕಿಸಿದಳು. ಉಳಿದ ಕಡೆ ಹನಿ ಮುತ್ತಾಗಿ ಉರುಳಿಹೋಯಿತು, ಉರಿ ತಾಕಿದಲ್ಲಿ ಹಾಸಿಕೊಂಡು ನಿಂತಿತು.

"ನೀರು ಒಪ್ಪಿದ ಮೈ ಬಣ್ಣಾನೂ ಒಪ್ಪತೈತಿ," ಎಂದಳು ಅವ್ವ.

ಇದನ್ನೀಗ 'ಉರಿನೀವು' ಎನ್ನುತ್ತೇವೆ: ಮಗುವಿನ ಕೆನ್ನೆ ನೀವಿದಷ್ಟು ಹಗುರವಾಗಿ ನೀಲಿ ಉರಿಯನ್ನು ಸರ್ರನೆ ಹಾಯಿಸಿ, ಕೈ ತಾಕಿಸದೆ ಕೂಡಲೇ ಬಣ್ಣ ಹಚ್ಚುವುದು. ಉರಿ ಒಂದೇ ಕಡೆ ನಿಂತರೆ ಡ್ರಮ್ಮೇ ಕರಗುತ್ತದೆ. ಅವ್ವ ಮೊದಲ ಸಲ ಡ್ರಮ್ಮಿಗೆ ಉರಿ ಹಿಡಿದ ದಿನ ಊರ ಯಜಮಾನ ಸಾಬಯ್ಯ ಓಡಿ ಬಂದ.

"ಹುಲಿಗೆಮ್ಮಾ, ಪ್ಲಾಸ್ಟಿಕ್ಕಿಗೆ ಬೆಂಕಿ ಇಡ್ತಿಯಾ? ಊರೇ ಸುಟ್ಟೀತು!"

"ಇಡಂಗಿಲ್ಲ ಯಜಮಾನ್ರೆ, ನೀವ್ತೀನಿ. ಹೆದರಿಕಿ ಇದ್ರ ನೀರು ಹಿಡ್ಕೊಂಡು ನಿಂದ್ರಿ."

ಆತ ಕೊಡ ಹಿಡಿದು ನಿಂತ. ಡ್ರಮ್ಮುಗಳೆಲ್ಲ ಮುಗಿಯುವವರೆಗೂ ನಿಂತ.

ಈ ಮಳೆಗಾಲ ಹೊಳೆ ಉಕ್ಕಿ ಅವನ್ನೆಲ್ಲ ಹೊತ್ತೊಯ್ದಿತು. ಹೊಳೆಯ ಕೆಳಗಿನ ನಡುಗಡ್ಡೆಯ ಬಾವಿಗಳಲ್ಲಿ ಕೆಸರು ತುಂಬಿ, ಜನ ಬಾಯಾರಿ ಕೂತಿದ್ದರಂತೆ. ನಮ್ಮ ಡ್ರಮ್ಮುಗಳು ಬಂಡೆಗೆ ಬಡಿದು, ಮರಳಿಗೆ ಉಜ್ಜಿ ಅಲ್ಲಿ ಸೇರಿದವು. ಮೀನು ಮೀನಾಗಿಯೇ ಇತ್ತು, ಚೇಳು ಚೇಳಾಗಿಯೇ. ಅವರು ಮೀನಿನದನ್ನಷ್ಟೇ ತೆರೆದು ಮಕ್ಕಳಿಗೆ ಕುಡಿಸಿದರು. ನೆರೆ ಇಳಿದ ಮೇಲೆ ದೋಣಿ ತುಂಬ ಹೆಂಗಸರು ಬಂದು, "ಬರೆದಾಕಿ ಯಾರವ್ವ?" ಎಂದು ಕೇಳಿದಾಗ ಇಡೀ ದಂಡೆ ನನ್ನ ಅವ್ವನತ್ತ ಕೈ ತೋರಿತು. ಆಕೆ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತಳು. ಯಾರೂ ಕೇಳದಿದ್ದರೂ, ಆಕೆಯ ಮಗಳು ನಾನು ಎಂದು ಎಲ್ಲರಿಗೂ ಹೇಳಿದೆ.

ಹಿರಿಯರೇ, ಶತಮಾನಗಟ್ಟಲೆ ಬಾಳುವ ಪಾತ್ರೆ ಕೊಟ್ಟಿರಿ. ಒಳಗೇನಿದೆ ಎಂಬ ಗುರುತೂ ಅಷ್ಟೇ ಬಾಳಬೇಕೆಂದು ನೆನೆಯಲಿಲ್ಲ. ಮುಂದೆ ಏನನ್ನು ಮಾಡಿದರೂ ಅದನ್ನು ನೆನೆಯಿರಿ. ನಾನಿನ್ನು ಹೊರಟೆ. ಕೆಳಗಿನ ಗಡ್ಡೆಯವರು ಉರಿನೀವು ಕಲಿಯಲು ಕಾದಿದ್ದಾರೆ. ದೋಣಿಯಲ್ಲಿ ಅವ್ವ ಆಗಲೇ ಕೂತು ನನ್ನ ಹೆಸರು ಕೂಗುತ್ತಿದ್ದಾಳೆ.