ಅಬ್ಬಾ, ಯಾವ ಎಣ್ಣಿ?

ಕಮರಿಪೇಟಿ, ಹುಬ್ಬಳ್ಳಿ
೧೮ ಜನವರಿ ೨೦೨೬, ರವಿವಾರ

ಪ್ರೀತಿಯ ಮಗಳು ನಿಶಾತಗ ಅಬ್ಬಾನ ಸಲಾಂ, ತಲಿ ಮ್ಯಾಲ ಕೈಯಿಟ್ಟು ದುವಾ.

ನೀ ಹ್ಯಾಂಗದಿ ಬೇಟಿ? ಹೊತ್ತಿಗೆ ಸರಿಯಾಗಿ ಉಣ್ತಿಯೋ ಇಲ್ಲೋ? ಎರಡು ಸಾವಿರ ಮಂದಿ ಉಣ್ಣೂ ಹಡಗಿನ್ಯಾಗ ನನ್ನ ಮಗಳು ನಿಂತ ಕಾಲಮ್ಯಾಲ ಎರಡು ಬಿಸ್ಕಿಟ ತಿಂದು ದಿನಾ ಕಳೀತಾಳ ಅನ್ನೂದು ಕಣ್ಣಾರೆ ನೋಡಿ ಬಂದೇನಿ, ಅದಕ್ಕ ಮೊದಲ ಇದನ್ನ ಕೇಳತೇನಿ. ಇಲ್ಲೆ ನಿಮ್ಮ ಅಮ್ಮಿ ಆರಾಮ ಅದಾಳ. ಹಡಗ ಇಳದ ಮ್ಯಾಲೂ ನಾಕು ದಿನ ನೆಲಾ ಅಳ್ಳಾಡತೈತಿ ಅಂತ ಗ್ವಾಡಿ ಹಿಡಕೊಂಡು ಅಡ್ಡಾಡಿದ್ಲು. ಈಗ ಬಾಜು ಮನಿಯವ್ರಿಗೆ ಸಮುದ್ರದ ಸುದ್ದಿ ಹೇಳೂ ಭರದಾಗ ಎರಡು ಸಲ ಅನ್ನ ತಳಾ ಹಿಡಿಸ್ಯಾಳ. ನನ್ನ ಮೊಣಕಾಲು ಮೊದಲಿನಂಗ ಐತಿ, ಕುಂತರ ಏಳಗೊಡಂಗಿಲ್ಲ, ಎದ್ದರ ಕುಂದ್ರಗೊಡಂಗಿಲ್ಲ. ಫೋನ ಇರೂವಾಗ ಈ ಮುದುಕ ಕಾಗದ ಯಾಕ ಬರ್ಯಾಕತ್ಯಾನ ಅಂತ ನಗಬ್ಯಾಡ. ಫೋನಿನ್ಯಾಗ ನೀ ನನ್ನ ಮಾತು ಮುಗಿಸಗೊಡಂಗಿಲ್ಲ, ನಡಬರಕ “ಆತ್ರಿ ಅಬ್ಬಾ, ಇರಲಿ ಬಿಡ್ರಿ ಅಬ್ಬಾ” ಅಂತೀದಿ. ಮನ್ಯಾಗ ನಾವು ಏನ ಮಾತಾಡಿದ್ರೂ, ನನಗ ಬರ್ಯಾಕ ಬರೂದು ಏಳನೇತ್ತ ತನಕ ಸಾಲ್ಯಾಗ ಕಲಿತ ಕನ್ನಡ ಒಂದ. ಮಂಗಳವಾರ ನಿಮ್ಮ ಹಡಗ ಮುಂಬೈಗೆ ಬರತೈತಂತ, ಗ್ಯಾರೇಜಿನ ಸಾಮಾನ ತರಾಕ ಹೊಂಟ ನಿಮ್ಮಣ್ಣ ಶಹಬಾಜ ಇದನ್ನ ನಿನ್ನ ಕೈಗೆ ಮುಟ್ಟಸ್ತಾನ.

ಆ ಶಹಬಾಜನ ಮೊನ್ನೆ ಬುಧವಾರ ಎಲ್ಲಾ ಬಾಯಿ ಬಿಟ್ಟ. ಪಥ್ಯದ ಅಡಗಿ ವಿಭಾಗಕ್ಕ ನಿನ್ನ ಮುಖ್ಯಸ್ಥಳನ್ನ ಮಾಡೂದನ್ನ ತಡದಾರಂತ, ಇಪ್ಪತ್ತೇಳಕ್ಕ ವಿಚಾರಣಿ ಐತಂತ, ಇದ್ದ ಕೆಲಸಾನೂ ಹೋಗಬಹುದಂತ. ನಾವು ಹಡಗ ಇಳಿಯೂವಾಗ ನೀ ಏನಂದಿ? “ಏನೂ ಆಗಿಲ್ಲ ಅಬ್ಬಾ, ಆರಾಮ ಹೋಗ್ರಿ” ಅಂದಿ. ನಕ್ಕೋತ ಕೈ ಮಾಡಿದಿ. ನಾ ಒಬ್ಬ ಹುಚ್ಚಪ್ಯಾಲಿ, ನಂಬಿ ಬಂದೆ. ನೀ ಬರದು ಕೊಟ್ಟ ವರದಿಯೊಳಗ, ಹೊರಗಿನ ತಿನಿಸು ತರಬಾರದು ಅನ್ನೂದು ನಮ್ಮ ತಂದಿಯವ್ರಿಗೆ ಗೊತ್ತಿರಲಿಲ್ಲ, ತಿಳಿಸಿ ಹೇಳದಿದ್ದದ್ದು ನನ್ನ ತಪ್ಪು ಅಂತ ಐತಂತಲ್ಲ. ತಿಳಿಸಿ ಹೇಳಿರಲಿಲ್ಲ? ಮೂರು ಸಲ ಹೇಳಿದ್ದಿ. ಒಂದು ಸಲ ನಾ ಸಿಟ್ಟಿಗೆದ್ದು ಫೋನ ನಿಮ್ಮ ಅಮ್ಮಿ ಕೈಯಾಗ ಕೊಟ್ಟಿದ್ದೆ.

ಖರೇ ಹೇಳತೇನಿ ನಿಶಾತ, ನಿನ್ನ ಕೆಲಸದ ಬಗ್ಗೆ ನನಗ ಮರ್ಯಾದಿ ಇರಲಿಲ್ಲ. ನಲವತ್ತು ವರ್ಷ ಲಗ್ನದ ಬಿರ್ಯಾನಿ ಹಂಡೆ ಇಳಿಸಿದ ಗುಲಾಬಸಾಬನ ಮಗಳು, ಉಪ್ಪಿಲ್ಲದ ಗಂಜಿ ಕಾಸಾಕ ಸಮುದ್ರದ ತನಕ ಹೋಗಬೇಕ? ಓಣ್ಯಾಗ ಯಾರರ ಕೇಳಿದ್ರ “ಹಡಗಿನ್ಯಾಗ ಆಫೀಸರ ಅದಾಳ” ಅಂತ ಹೇಳಿ ಲಗೂನ ಮಾತು ಬದಲಿ ಮಾಡತಿದ್ದೆ. ಸಿಬ್ಬಂದಿ ಮನಿಯವ್ರಿಗೆ ಅಂತ ನೀ ತಿಕೀಟ ಮಾಡಿಸಿ ಕಳಸಿದಾಗೂ ನಾ ಸಮುದ್ರ ನೋಡೂ ಆಸೆಗೆ ಬಂದಾಂವ, ನಿನ್ನ ಅಡಗಿ ನೋಡಾಕ ಅಲ್ಲ.

ಎರಡನೇ ದಿನ ಅಡಗಿಮನಿ ತೋರಸ್ತೇನಿ ಬರ್ರಿ ಅಂತ ಕರದಿ. ತಲಿಗೆ ಟೊಪಿಗಿ ಹಾಕೋ ಅಂದ್ರ ಹಾಕ್ಕೋತೇನಿ, ಆದ್ರ ಗಡ್ಡಕ್ಕ ಜಾಳಿಗಿ ಕಟ್ಟತಾರ ಅಂತ ನನಗೇನ ಗೊತ್ತು? ನಿಮ್ಮ ಅಮ್ಮಿ ಅಷ್ಟ ನಕ್ಕಿದ್ದು ನಾ ನಮ್ಮ ಲಗ್ನ ಆದಾಗಿಂದ ನೋಡಿಲ್ಲ. “ಉಸ್ತಾದ ಇದ್ರೂ ಅಷ್ಟ, ಅಬ್ಬಾ ಇದ್ರೂ ಅಷ್ಟ, ಗಡ್ಡ ಮುಚ್ಚಲಾರದ ಒಳಗ ಬಿಡಂಗಿಲ್ಲ” ಅಂದಿ ನೀನು, ಎಲ್ಲಾರ ಮುಂದ. ಒಳಗ ಹೋಗಿ ನೋಡತೇನಿ, ಅಷ್ಟ ದೊಡ್ಡ ಅಡಗಿಮನ್ಯಾಗ ನಿನ್ನದೊಂದು ಮೂಲಿ. ಅಲ್ಲೆ ಹೆಚ್ಚೂ ಹಲಗಿ ನೇರಳಿ ಬಣ್ಣದ್ದು, ಚಾಕು ಹಿಡಿಕಿ ನೇರಳಿ, ಚಮಚಾನೂ ನೇರಳಿ. ಆ ಬಣ್ಣದ ಸಾಮಾನ ಬ್ಯಾರೆ ಕಡೆ ಹೋಗಂಗಿಲ್ಲ, ಬ್ಯಾರೆ ಕಡೆಯದು ಅಲ್ಲಿ ಬರಂಗಿಲ್ಲ. ನಾ ನಿಂತಿದ್ದಾಗನ ಯಾರೋ ಒಬ್ಬ ಅಡಗಿಯಾಂವ ಅವಸರದಾಗ ಬ್ಯಾರೆ ಕಡೆ ಚಮಚಾ ನಿನ್ನ ಪಲ್ಯಾದಾಗ ಅದ್ದಿದ. ನೀ ಇಡೀ ಪಾತ್ರಿ ಪಲ್ಯಾ ಚೆಲ್ಲಿ, ಕೈ ತೊಳಕೊಂಡು, ಏಪ್ರನ್ ಬದಲಿ ಮಾಡಿ, ಮತ್ತ ಬದನಿಕಾಯಿ ಹೆಚ್ಚಾಕ ನಿಂತಿ. ಅನ್ನ ಚೆಲ್ಲಬಾರದು ಅಂತ ಬೆಳಸಿದ ಮಗಳು ಹಿಂಗ ದಿಮಾಕಿನಾಕಿ ಆದ್ಲಲ್ಲ ಅಂತ ಅವತ್ತ ಅಂದುಕೊಂಡೆ.

ಸಂಜೀಕ ಮಾತ್ರ ನನ್ನ ದಿಮಾಕ ಇಳೀತು. ನೀ ಒಂದು ವಹಿ ಹಿಡಕೊಂಡು ಮೇಜಿನಿಂದ ಮೇಜಿಗೆ ಹೊಂಟಿ, ನಾಳಿ ಯಾರಿಗೆ ಏನ ಬೇಕು ಇವತ್ತನ ಕೇಳಿ ಬರಕೋತ. ಆ ಜೈನ ಕುಟುಂಬದವ್ರು ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡಿ ಯಾವುದೂ ತಿನ್ನಂಗಿಲ್ಲ, ಅವ್ರ ಹುಡುಗಗ ಪಾವ್‌ಭಾಜಿ ಬೇಕಂತ ಹಟಾ. ನೀ ಬಾಳಿಕಾಯಿ ಕುದಿಸಿ ನುರಿಸಿ ಮಾಡಿಕೊಟ್ಟಿ, ಆ ಹುಡುಗ ತಾಟು ನೆಕ್ಕಿದ. ಗೋಧಿ ಆಗಲಾರದ ಬಾಯಿಗೆ ಜ್ವಾಳದ ರೊಟ್ಟಿ ಬಡದು ಕೊಟ್ಟಿ, ಅದೂ ಸಮುದ್ರದ ನಡುವ. ಸಕ್ಕರಿ ರೋಗದ ಆ ಮುದುಕ “ಇವತ್ತೊಂದ ದಿನ ಡಾಕ್ಟರ ಹೂಂ ಅಂದಾರವ್ವಾ” ಅಂತ ಸುಳ್ಳು ಹೇಳಿದಾಗ, “ಹಂಗಾರ ಡಾಕ್ಟರನ್ನೂ ಊಟಕ್ಕ ಕರೀರಿ ಅಜ್ಜಾರ” ಅಂದಿ, ಅಂವನೂ ನಕ್ಕು ಬಿಟ್ಟ. ತಾಟು ತಾಟಿಗೂ ಮುಚ್ಚಳಾ, ಮುಚ್ಚಳದ ಮ್ಯಾಲ ಹೆಸರು, ನೀನ ಹೊತಗೊಂಡು ಹೋಗಿ ಹೆಸರು ಹಿಡದು ಕೇಳಿನ ಇಡತಿದ್ದಿ. ನಾ ಐದುನೂರು ಮಂದಿಗೆ ಒಂದ ಹಂಡ್ಯಾಗ ಬೇಯಿಸಾಂವ. ನೀ ಐವತ್ತು ಮಂದಿಗೆ ಐವತ್ತು ನಮೂನಿ ಬೇಯಿಸಾಕಿ. ಯಾರು ದೊಡ್ಡ ಅಡಗಿಯವ್ರು ಅಂತ ನಿಮ್ಮ ಅಮ್ಮಿ ಕೇಳಿದ್ಲು, ನಾ ಕೆಮ್ಮಿ ನೀರಿನ ಗ್ಲಾಸ ಎತ್ತಿದೆ.

ಅಲ್ಲೇನ ನಮಗ ಧಾರವಾಡದ ಕುಮಾರಸ್ವಾಮಿ ಮಾಸ್ತರು ಸಿಕ್ಕಿದ್ದು. ಅಷ್ಟು ಮಂದಿಯೊಳಗ ನಮ್ಮ ಕಡೆ ಮಾತು ಕಿವಿಗೆ ಬಿತ್ತಂದ್ರ ನನಗ ಸ್ವಂತ ತಮ್ಮ ಸಿಕ್ಕಂಗಾತು. ಅವ್ರ ಮಗಳು ಭಾಗ್ಯಾ, ಏಳು ವರ್ಷದ್ದು, ಗಿಣಿ ಮಾತಾಡಿದಂಗ ಮಾತಾಡತೈತಿ. ಆ ಕೂಸಿಗೆ ಶೇಂಗಾ ಆಗಂಗಿಲ್ಲ ಅಂದ್ರು. ನಮ್ಮ ಸೀಮ್ಯಾಗ ಹುಟ್ಟಿ ಶೇಂಗಾ ತಿನಬಾರದು ಅಂದ್ರ ಹ್ಯಾಂಗ? ರೊಟ್ಟಿಗೆ ಹಿಂಡಿ ಇಲ್ಲ, ಉಂಡಿ ಇಲ್ಲ, ಎಣ್ಣಿಗಾಯಿ ಇಲ್ಲ, ಲಗ್ನಕ್ಕ ಹೋದರೂ ತಾಯಿ ಕಟ್ಟಿದ ಬುತ್ತಿ. ಪಾಪ, ಯಾವ ಪಂಗತ್ಯಾಗೂ ಆ ಕೂಸು ಎಲ್ಲಾರ ಜೋಡಿ ಕುಂತು ಉಂಡಿಲ್ಲಂತ. ಹಡಗ ಹತ್ತಿದಾಗಿಂದ ನಿನ್ನ ಮೇಜಿನ್ಯಾಗ ಕುಂತು ಹೊಟ್ಟಿ ತುಂಬ ಉಣ್ಣಾಕತ್ತಿತ್ತು.

ನನ್ನ ಚಾಳಿ ನಿನಗ ಗೊತ್ತೈತಿ. ನನ್ನ ಪಂಗತಿಯಿಂದ ಯಾವ ಕೂಸೂ ಬರಿಗೈಲೆ ಎದ್ದು ಹೋಗಬಾರದು, ಕೈಯಾಗ ಒಂದು ಸಿಹಿ ಇಟ್ಟ ಕಳಸಬೇಕು. ನನ್ನ ಅಬ್ಬಾ ಮಾಡತಿದ್ದ, ನಾನೂ ಬಿಟ್ಟಿಲ್ಲ. ಮೂರನೇ ದಿನ ಮಧ್ಯಾಹ್ನ ಮ್ಯಾಲಿನ ಅಂತಸ್ತಿನ ಬಯಲಾಗ ಗಾಳಿಗೆ ಕುಂತಿದ್ದೆ. ಅಂಗಿ ಗಂಟಿನ್ಯಾಗ ಸುತ್ತಿ ಬಚ್ಚಿಟ್ಟು ತಂದಿದ್ದೆನಲ್ಲ, ನಿಮ್ಮ ಅಮ್ಮಿ ಮಾಡಿದ ಶಂಕರಪಾಳಿ ಡಬ್ಬಿ, ಅದನ್ನ ಬಿಚ್ಚಿದ್ದೆ. ಕೂಸು ಬಂದು ನಿಂತಿತು. ಕೈ ಚಾಚಲಿಲ್ಲ. “ಅಜ್ಜಾ, ಇದರಾಗ ಶೇಂಗಾ ಐತೇನ್ರಿ?” ಅಂತ ಕೇಳಿತು, ನಿಶಾತ. ಏಳು ವರ್ಷದ ಕೂಸಿಗೆ ಕೇಳೂ ಬುದ್ಧಿ ಇತ್ತು, ಎಪ್ಪತ್ತರ ಮುದುಕಗ ವಿಚಾರ ಮಾಡೂ ಬುದ್ಧಿ ಇರಲಿಲ್ಲ. “ಒಂದ ಕಾಳೂ ಇಲ್ಲವಾ, ಮೈದಾ, ಸಕ್ಕರಿ, ತುಪ್ಪ ಅಷ್ಟ” ಅಂದೆ. ಆವಾಗ ಅದು ಏನಂತು ಗೊತ್ತೇನ? “ನೀವು ನಿಶಾತ ಅಕ್ಕನ ಅಪ್ಪಾ ಅಲ್ಲ? ಹಂಗಾರ ತಿಂತೇನಿ” ಅಂತು.

ಆಮ್ಯಾಲಿಂದು ನೀ ಕಂಡಿದ್ದು. ತುಟಿ ಬಾತು, ಮೈ ತುಂಬ ದದ್ದ ಎದ್ದು, ಕೂಸು ಉಸಿರಿಗೆ ಕೊಸರಾಡಾಕತ್ತಿದಾಗ ನಾ ಡಬ್ಬಿ ಹಿಡಕೊಂಡು ಕಲ್ಲಾಗಿ ನಿಂತಿದ್ದೆ. ನೀ ಎಲ್ಲಿಂದ ಓಡಿ ಬಂದಿಯವ್ವಾ! ನನ್ನ ಬೈಲಿಲ್ಲ, ಅಳಲಿಲ್ಲ. ಡಬ್ಬಿ ನೋಡಿ ಒಂದ ಮಾತು ಕೇಳಿದಿ, “ಅಬ್ಬಾ, ಯಾವ ಎಣ್ಣಿ?” ಗಾಣದ ಶೇಂಗಾ ಎಣ್ಣಿ. ನಮ್ಮ ಮನ್ಯಾಗ ಬ್ಯಾರೆ ಎಣ್ಣಿ ಯಾವಾಗ ಬಂದೈತಿ? ನಲವತ್ತು ವರ್ಷ ಅದರಾಗ ಕೈ ಅದ್ದಿ ಬದುಕಿದಾಂವಗ ಎಣ್ಣಿಯೂ ಶೇಂಗಾನ ಅನ್ನೂದು ಹೊಳೀಲಿಲ್ಲ. ನೀ ಅಷ್ಟರಾಗ ಕೂಸನ್ನ ಮಲಗಿಸಿ, ತಾಯಿ ಚೀಲದಾಗಿನ ಇಂಜೆಕ್ಷನ್ ಪೆನ್ನ ತಗಿಸಿ ತೊಡಿಗೆ ಚುಚ್ಚಿಸಿದಿ, ಒಬ್ಬನ್ನ ಡಾಕ್ಟರ ಕಡೆ ಓಡಿಸಿದಿ. ಡಾಕ್ಟರ ಬರೂದರಾಗ ಕೂಸಿನ ಉಸಿರು ಹಾದಿಗೆ ಬಂದಿತ್ತು. ರಾತ್ರಿ ತನಕ ದವಾಖಾನಿ ಖೋಲ್ಯಾಗ ಇಟ್ಟುಕೊಂಡ್ರು, ಮರುದಿನ ಅದು ನಿನ್ನ ಕೈಲೆ ಮಾಡಿದ ಉಪ್ಪಿಟ್ಟು ತಿಂತು. ಅಲ್ಲಾಹ ದೊಡ್ಡಾಂವ. ನಾ ಅವತ್ತಿಂದ ನಮಾಜಿನ್ಯಾಗ ಆ ಕೂಸಿನ ಹೆಸರು ತಗೋಳಾಕತ್ತೇನಿ, ನಿನ್ನ ಹೆಸರಿನ ಜೋಡಿ.

ನೀ ಪಲ್ಯಾ ಚೆಲ್ಲಿದ್ದಕ್ಕ ನಾ ಸಿಟ್ಟಿಗೆದ್ದಿದ್ದೆನಲ್ಲ, ಯಾಕ ಚೆಲ್ಲಿದಿ ಅಂತ ಈಗ ತಿಳೀತು. ಒಂದು ಚಮಚಾ ಅಂದ್ರ ಎಷ್ಟು ಅಂತ ನೀ ಮೊದಲ ತಿಳಕೊಂಡಿದ್ದಿ. ನಮ್ಮ ಕಸಬಿನ್ಯಾಗ ನಾವು ಹತ್ತು ಮಂದಿಗೆ ರುಚಿ ಹತ್ತಿದ್ರ ಎದಿ ಉಬ್ಬಿಸೂ ಮಂದಿ. ಹನ್ನೊಂದನೇದಾಂವ ಯಾಕ ಉಣ್ಣಲಿಲ್ಲ ಅಂತ ತಿರುಗಿ ನೋಡೂದು ನನಗ ಯಾರೂ ಕಲಿಸಿರಲಿಲ್ಲ, ನಾನೂ ಯಾರಿಗೂ ಕಲಿಸಿರಲಿಲ್ಲ. ನೀ ಎಲ್ಲಿ ಕಲಿತಿ? ಕಾಲೇಜಿನ್ಯಾಗ ಪುಸ್ತಕ ಕಲಸ್ಯಾರು, ಆ ತಾಳ್ಮಿ, ಆ ಜೀವದ ಕಾಳಜಿ ನಿನ್ನವು. ನಿನ್ನ ಮ್ಯಾಲ ನನಗ ಭಾಳ ಅಭಿಮಾನ ಐತಿ ಬೇಟಿ. ಎದುರಿಗೆ ಹೇಳಾಕ ನಾಲಿಗಿ ಏಳಂಗಿಲ್ಲ, ಕಾಗದದಾಗ ಹೇಳೇನಿ, ಇಟ್ಟುಕೋ.

ಹ್ವಾದ ರವಿವಾರ ದೇಶಪಾಂಡೆ ನಗರದಾಗ ಒಂದು ಲಗ್ನ ಹಿಡದಿದ್ದೆ. ಹಂಡೆ ಏರಸೂಕಿಂತ ಮೊದಲ ಮಾಲಕರನ್ನ ಕರದು, ಬರೂ ಮಂದ್ಯಾಗ ಯಾರಿಗೆ ಏನ ಆಗಂಗಿಲ್ಲ ಹೇಳ್ರಿ ಅಂದೆ. ಅವ್ರು ನನ್ನ ಮಾರಿ ನೋಡಿದ್ರು, ಗುಲಾಬಸಾಬಗ ವಯಸ್ಸಾತು ಅಂತ ತಮ್ಮ ತಮ್ಮೊಳಗ ಅಂದ್ರು. ನಾ ಬಿಡಲಿಲ್ಲ. ಕಡೀಕ ಒಬ್ಬಾಕಿ ತಾಯಿ ಸಂಕೋಚಲೆ ಬಂದು, ನನ್ನ ಮಗಗ ಹಾಲು, ಮಸರು, ತುಪ್ಪ ಏನೂ ಆಗಂಗಿಲ್ರಿ ಅಂದ್ಲು. ಸಣ್ಣ ಡಬರ್ಯಾಗ ಬ್ಯಾರೆನ ಬಿರ್ಯಾನಿ ಇಟ್ಟು, ಮುಚ್ಚಳದ ಮ್ಯಾಲ ಸುಣ್ಣದ್ಲೆ ಹೆಸರು ಬರದೆ, ನಾನ ಹೊತಗೊಂಡು ಹೋಗಿ ಕೊಟ್ಟೆ. ಗಡ್ಡಕ್ಕ ಜಾಳಿಗಿ ಮಾತ್ರ ಕಟ್ಟಿಲ್ಲ, ಅಷ್ಟ ಮರ್ಯಾದಿ ಉಳಿಸಿಕೊಂಡೇನಿ.

ನಿನ್ನ ಜೋಡಿ ಕೆಲಸಾ ಮಾಡೂ ಮಕ್ಕಳಿಗೆಲ್ಲಾ ಈ ಮುದುಕನ ಸಲಾಂ ಹೇಳು. ಅಮ್ಮಿ ನಿನಗ ಸಾವಿರ ಮುತ್ತು ಕೊಟ್ಟಾಳ, ದೃಷ್ಟಿ ತಗದು ಹಾಕ್ಯಾಳ. ನಿನ್ನ ಕೈ ಊಟಾ ಉಂಡವ್ರೆಲ್ಲಾ ತಂಪಾಗಿರಲಿ, ಸಮುದ್ರ ನಿನ್ನ ಜೋಪಾನ ಮಾಡಲಿ.

ನಿನ್ನ ಅಬ್ಬಾ,
ಗುಲಾಬಸಾಬ

ತಾ.ಕ.: ಶಹಬಾಜ ಚಪ್ಪಲಿ ಮೆಟ್ಟಿ ಬಾಗಲದಾಗ ನಿಂತಾನ, ಲಗೂ ಬರೀತೇನಿ. ಮೊನ್ನೆ ಶುಕ್ರವಾರ ನಾ ಧಾರವಾಡಕ್ಕ ಹೋಗಿದ್ದೆ, ಕುಮಾರಸ್ವಾಮಿ ಮಾಸ್ತರ ಮನಿಗೆ. ಮಗಳು ತಿಳಿಸಿ ಹೇಳಿರಲಿಲ್ಲ ಅಂತ ಅವ್ರೂ ನಂಬಿದ್ರು, ನಿಮ್ಮ ಕಂಪನಿಗೆ ಹಂಗ ದೂರು ಕೊಟ್ಟಿದ್ರು. ನಾ ಎಲ್ಲಾ ಹೇಳಿದೆ. ಆಕಿ ಮೂರು ಸಲ ಬ್ಯಾಡ ಅಂದಿದ್ಲು, ನಾ ಅಂಗ್ಯಾಗ ಬಚ್ಚಿಟ್ಟು ತಂದೆ, ಕೂಸು ಕೇಳಿದಾಗ ವಿಚಾರ ಮಾಡಲಾರದ ಇಲ್ಲ ಅಂದೆ ಅಂತ. ಹುಟ್ಟಿದಾಗಿಂದ ಒಬ್ಬರ ಮುಂದ ತಪ್ಪಾತು ಅಂದಾಂವ ಅಲ್ಲ ನಾನು. ಮಾಸ್ತರ ಮನಿಯಾಕಿ ನೀರೂ ಕೇಳಲಿಲ್ಲ. ಅದು ಸರೀನ ಐತಿ. ಕೂಸು ಮಾತ್ರ ಹೊರಗ ಬಂದು “ನಿಶಾತ ಅಕ್ಕಾನ ಕೆಲಸಾ ಬಿಡಿಸಿ ಬಿಡತಾರೇನ್ರಿ?” ಅಂತ ಕೇಳಿತು. ಆಮ್ಯಾಲ ಮಾಸ್ತರ ಪೆನ್ನು ತಗೊಂಡ್ರು. ನಾ ಕನ್ನಡದಾಗ ಹೇಳಿದೆ, ಅವ್ರು ಇಂಗ್ಲೀಷಿನ್ಯಾಗ ಬರದ್ರು, ನಾ ಸಹಿ ಮಾಡಿದೆ, ನಿಮ್ಮ ಕಂಪನಿಗೆ ಕಳಿಸಿ ಆಗೇತಿ. ನಿನ್ನ ಕೇಳಲಾರದ ಕಳಸೇನಿ, ಸಿಟ್ಟು ಬಂದ್ರ ಬರಲಿ. ಇನ್ನ ನನ್ನ ನಿಮ್ಮ ಹಡಗ ಹತ್ತಗೊಡಂಗಿಲ್ಲ ಅಂದ್ರ ಅನ್ನಲಿ. ಇಪ್ಪತ್ತೇಳಕ್ಕ ನಿನ್ನ ಕರದು ಕೇಳಿದಾಗ, ನನ್ನ ಮಗಳಾಗಿ ಉತ್ತರಾ ಕೊಡಬ್ಯಾಡ ನಿಶಾತ. ಆ ಕೂಸಿಗೆ ಅಡಗಿ ಮಾಡಾಕಿಯಾಗಿ ಕೊಡು.